ಟೀಕಪ್ ಯಾರ್ಕಿಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಬೆಂಗಳೂರಿನಲ್ಲಿ ಯಾರಾದರೂ 'ಟೀಕಪ್ ಯಾರ್ಕಿ ಇದೆ' ಅಂತ, ಅಂದರೆ ಟೀ ಕಪ್ಪಿನಲ್ಲಿ ಹಿಡಿಸುವಷ್ಟು ಪುಟ್ಟ ಯಾರ್ಕ್‌ಷೈರ್ ಟೆರಿಯರ್ ನಾಯಿಮರಿ ಇದೆ ಅಂತ, ಫೋಟೋ ಕಳಿಸಿದರೆ ದಯವಿಟ್ಟು ದುಡ್ಡು ಹಾಕಬೇಡಿ. ನಮ್ಮ ಅಕ್ಕನ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ.

ಮರಿ ಕೊಟ್ಟವನು ಅವಳಿಗೆ ಹೇಳಿದ್ದು ಇಷ್ಟು: 'ಇದು ಇನ್ನು ಬೆಳೆಯೋದೇ ಇಲ್ಲ ಮೇಡಂ, ತುಂಬಾ ಸಾಧು, ಬೊಗಳೋದೂ ಇಲ್ಲ.' ಅದಕ್ಕೇ ಮಾಮೂಲಿ ಯಾರ್ಕ್‌ಷೈರ್ ಟೆರಿಯರ್‌ಗಿಂತ ಜಾಸ್ತಿ ದುಡ್ಡು ತೆಗೆದುಕೊಂಡ. ಬೆಳೆಯದೇ ಇರುವುದು, ಸಾಧುವಾಗಿರುವುದು, ಎರಡೂ ಕಾಯಿಲೆಯ ಲಕ್ಷಣವೇ ಆಗಿತ್ತು.

ಮರಿ ಊಟ ಮಾಡಿದ ಸ್ವಲ್ಪ ಹೊತ್ತಿಗೆ ವಿಚಿತ್ರವಾಗಿ ಆಡುತ್ತಿತ್ತು. ಚಿಕನ್ ತಿಂದ ದಿನ ಇನ್ನೂ ಜಾಸ್ತಿ. ಫ್ರಿಜ್ ಪಕ್ಕದ ಗೋಡೆಗೆ ಹಣೆ ಒತ್ತಿಕೊಂಡು ನಿಂತುಬಿಡುತ್ತಿತ್ತು. ಬಾಯಿಂದ ಜೊಲ್ಲು, ಕರೆದರೆ ತಿರುಗುವುದಿಲ್ಲ. ಆಮೇಲೆ ಒಂದೇ ಕಡೆಗೆ ಸುತ್ತು ಹಾಕುತ್ತಿತ್ತು. ಮರಿ ಕೊಟ್ಟವನಿಗೆ ಫೋನ್ ಮಾಡಿದರೆ, 'ಶುಗರ್ ಕಮ್ಮಿ ಆಗಿರತ್ತೆ, ಜೇನುತುಪ್ಪ ನೆಕ್ಕಿಸಿ' ಅಂದ. ಪುಟ್ಟ ಮರಿಗಳಿಗೆ ಹೊಟ್ಟೆ ಖಾಲಿ ಇದ್ದರೆ ಶುಗರ್ ಇಳಿಯುವುದು ನಿಜ. ಆದರೆ ಇದು ಆಗುತ್ತಿದ್ದದ್ದು ಹೊಟ್ಟೆ ತುಂಬಿದ ಮೇಲೆ ಅಲ್ವಾ? ಇನ್ನೊಮ್ಮೆ ಮಾಡಿದಾಗ ಅವನು ಫೋನೇ ಎತ್ತಲಿಲ್ಲ.

ಡಾಕ್ಟರ್ ಊಟಕ್ಕೆ ಮುಂಚೆ ಒಂದು ಸಲ, ಊಟವಾಗಿ 2 ಗಂಟೆಗೆ ಇನ್ನೊಂದು ಸಲ ರಕ್ತ ತೆಗೆದು ಬೈಲ್ ಆಸಿಡ್ ಟೆಸ್ಟ್ (ಲಿವರ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡುವ ಪರೀಕ್ಷೆ) ಮಾಡಿಸಿದರು. ಆಮೇಲೆ ಸ್ಕ್ಯಾನ್. ಲಿವರ್ ಶಂಟ್ ಅಂತ ಗೊತ್ತಾಯಿತು. ಕರುಳಿನಿಂದ ಬರುವ ರಕ್ತವನ್ನು ಲಿವರ್ ಶುದ್ಧ ಮಾಡಬೇಕು. ಈ ಮರಿಗೆ ಹುಟ್ಟಿನಿಂದಲೇ ಒಂದು ಅಡ್ಡ ರಕ್ತನಾಳ ಇದೆ, ರಕ್ತ ಲಿವರನ್ನು ತಪ್ಪಿಸಿ ಹೋಗುತ್ತದೆ. ಊಟ, ಅದರಲ್ಲೂ ಮಾಂಸ, ಜೀರ್ಣವಾಗುವಾಗ ಹುಟ್ಟುವ ಅಮೋನಿಯಾದಂಥ ವಿಷ ಹಾಗೇ ಮಿದುಳಿಗೆ ಹೋಗುತ್ತದೆ. ಅದಕ್ಕೇ ಮೈ ಹತ್ತುವುದಿಲ್ಲ, ಮರಿ ಮಂಕಾಗಿರುತ್ತದೆ. ಯಾರ್ಕಿಗಳಲ್ಲಿ ಈ ತೊಂದರೆ ಬೇರೆ ತಳಿಗಳಿಗಿಂತ ಜಾಸ್ತಿ. ಈಗ ಆ ಅಮೋನಿಯಾ ಕಮ್ಮಿ ಮಾಡುವ ಲ್ಯಾಕ್ಟುಲೋಸ್ ಸಿರಪ್ ಮತ್ತು ಲಿವರ್ ಡಯಟ್ ಮೇಲಿದೆ. ತೂಕ ಸ್ವಲ್ಪ ಏರಿದರೆ ಆಪರೇಷನ್ ಯೋಚಿಸೋಣ ಅಂದಿದ್ದಾರೆ.

ಟೀಕಪ್ ಅನ್ನುವ ತಳಿಯೇ ಇಲ್ಲ. ಅದು ವ್ಯಾಪಾರಕ್ಕೆ ಇಟ್ಟ ಹೆಸರು. ಮಾಮೂಲಿ ಯಾರ್ಕಿಯೇ ಪೂರ್ತಿ ಬೆಳೆದರೂ ಸುಮಾರು 3 ಕೆ.ಜಿ. ಇರುತ್ತದೆ, ಅದಕ್ಕಿಂತ ಚಿಕ್ಕದು ಯಾಕೆ ಬೇಕು? ಇನ್ನು ಸಾಧು ಸ್ವಭಾವದ ಮಾತು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಮಿಲ್ಲುಗಳಲ್ಲಿ ಇಲಿ ಹಿಡಿಯುತ್ತಿದ್ದ ನಾಯಿ ಇದು. ಚೆನ್ನಾಗಿರುವ ಮರಿ ಸುಮ್ನೆ ಕೂರುವುದಿಲ್ಲ. ಬೆಲ್ ಹೊಡೆದರೆ ಬೊಗಳುತ್ತದೆ, ಲ್ಯಾಬ್ರಡಾರ್ ಎದುರು ಬಂದರೂ ಏರಿ ಹೋಗುತ್ತದೆ. ಮರಿ ನೋಡಲು ಹೋದಾಗ ಮಂಕಾಗಿ ಮಲಗಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ತಾಯಿ ನಾಯಿಯನ್ನು ಎದುರಿಗೆ ತೋರಿಸಿ ಅನ್ನಿ. ಅಕ್ಕನಿಗೆ ವಿಡಿಯೋದಲ್ಲಿ ಯಾವುದೋ ನಾಯಿ ತೋರಿಸಿ, ಮರಿಯನ್ನು ರಸ್ತೆ ಬದಿಯಲ್ಲಿ ಕೊಟ್ಟು ಹೋಗಿದ್ದ. 2017ರ ನಿಯಮದ ಪ್ರಕಾರ ನಾಯಿಮರಿ ಹಾಕಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆ ಕಾಗದ ಕೇಳಿ. ತಡಬಡಾಯಿಸಿದರೆ ಬಿಟ್ಟುಬಿಡಿ.

ಈಗಾಗಲೇ ಮರಿ ತಂದಿದ್ದರೆ ಕತ್ತಿಗೆ ಬೆಲ್ಟ್ ಬೇಡ, ಇವುಗಳ ಶ್ವಾಸನಾಳ ಸೂಕ್ಷ್ಮ. ಎದೆಗೆ ಹಾಕುವ ಹಾರ್ನೆಸ್ ತನ್ನಿ. ಊಟದ ನಂತರ ಗೋಡೆಗೆ ತಲೆ ಒತ್ತಿದರೆ ಅಲ್ಲೇ ವಿಡಿಯೋ ಮಾಡಿಕೊಳ್ಳಿ, ಏನು ತಿಂದಿತ್ತು, ಎಷ್ಟು ಹೊತ್ತಾಗಿತ್ತು ಅಂತ ಬರೆದಿಡಿ. ಅದನ್ನು ಡಾಕ್ಟರ್‌ಗೆ ತೋರಿಸಿ ಬೈಲ್ ಆಸಿಡ್ ಟೆಸ್ಟ್ ಬೇಕಾ ಅಂತ ನೀವೇ ಕೇಳಿ.