ಆಂಕರ್ ಕಲ್ಲಿನ ಪೆಟ್ಟಿಗೆ: ಛಾವಣಿಗೆ ಸೈ, ಕಮಾನಿಗೆ ಸಾಲದು

ಹಳೆಯ ಕಟ್ಟಡದ ಮಾದರಿ ಬೇಕೆಂದರೆ ಈಗ ಎಲ್ಲರ ಕಣ್ಣು ತ್ರೀಡಿ ಪ್ರಿಂಟರ್ ಮೇಲೆ. ಪ್ರಿಂಟ್ ಆಕಾರವನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಅದು ಒಂದೇ ಗಟ್ಟಿ ತುಂಡು, ಕಲ್ಲು ಕಲ್ಲಿನ ಮೇಲೆ ಹೇಗೆ ಕೂತಿದೆ ಎಂಬುದು ಅದರಲ್ಲಿ ಗೊತ್ತಾಗುವುದಿಲ್ಲ. ಪುಟ್ಟ ಕಟ್ಟಡ ಕಟ್ಟಿ ಆಡಲು ಪೆಟ್ಟಿಗೆಯಲ್ಲಿ ಬರುವ, ಜರ್ಮನಿಯ ರುಡೋಲ್‌ಸ್ಟಾಟ್ ಊರಿನ ಆಂಕರ್ ಕಲ್ಲುಗಳಿಗೆ ಅಂಟೂ ಇಲ್ಲ, ಕೊಂಡಿಯೂ ಇಲ್ಲ. ನಿಂತರೆ ಸ್ವಂತ ಭಾರದಿಂದಲೇ ನಿಲ್ಲಬೇಕು.

ಗ್ಲೈಡರ್ ಹಾರಿಸಿ ಹೆಸರಾದ ಓಟೋ ಲಿಲಿಯೆಂಥಾಲ್ ಮತ್ತು ಅವನ ತಮ್ಮ ಗುಸ್ತಾವ್ ರೂಪಿಸಿದ ಈ ಕಲ್ಲುಗಳನ್ನು 1880ರ ದಶಕದಲ್ಲಿ ರಿಕ್ಟರ್ ಎಂಬ ಉದ್ಯಮಿ ಮಾರುಕಟ್ಟೆಗೆ ತಂದ. 1963ರಲ್ಲಿ ತಯಾರಿಕೆ ನಿಂತು, 1995ರಲ್ಲಿ ಮತ್ತೆ ಶುರುವಾಯಿತು. ಮರಳು, ಸೀಮೆಸುಣ್ಣ, ಅಗಸೆ ಎಣ್ಣೆ ಕಲಸಿ ಅಚ್ಚೊತ್ತಿದ ಕಲ್ಲು. ಇಟ್ಟಿಗೆ ಕೆಂಪು, ಮರಳುಗಲ್ಲಿನ ಹಳದಿ, ಛಾವಣಿಗೆ ನೀಲಿ. ಕೊಳ್ಳುವ ಮುನ್ನ ಅಳತೆ ನೋಡಿ: ದೊಡ್ಡ ಮಾದರಿಯ ಮೂಲ ಅಳತೆ 25 ಮಿ.ಮೀ., ಚಿಕ್ಕದರದು 20. ಇವೆರಡನ್ನು ಬೆರೆಸಿದರೆ ವರಸೆ ಕೂಡುವುದಿಲ್ಲ. ಹಳೆಯ ಪೆಟ್ಟಿಗೆ ಕೊಳ್ಳುವವರು ಎಡವುವುದು ಇಲ್ಲೇ. 25ರದೇ ವಾಸಿ, 1:40 ಸ್ಕೇಲಿನಲ್ಲಿ ಒಂದು ಕಲ್ಲು ಸರಿಯಾಗಿ ಒಂದು ಮೀಟರ್ ಆಗುತ್ತದೆ.

ಇಷ್ಟು ಚಿಕ್ಕ ಮಾದರಿಯನ್ನು ನಂಬಬಹುದೇ? ಗಟ್ಟಿತನದ ವಿಷಯದಲ್ಲಿ ನಂಬಬೇಡಿ. ಕಟ್ಟಡ ಹತ್ತು ಪಟ್ಟು ದೊಡ್ಡದಾದರೆ ಕಲ್ಲಿನ ಮೇಲಿನ ಒತ್ತಡವೂ ಹತ್ತು ಪಟ್ಟು ಏರುತ್ತದೆ. ಸಮತೋಲ ಮಾತ್ರ ಬರೀ ಆಕಾರದ ಲೆಕ್ಕ, ಗಾತ್ರಕ್ಕೆ ಅದು ಬದಲಾಗದು. ಹಳೆಯ ಕಲ್ಲುಕಟ್ಟಡಗಳಲ್ಲಿ ಒತ್ತಡ ಸಾಮಾನ್ಯವಾಗಿ ತೀರಾ ಕಡಿಮೆ, ಅವು ಬಿದ್ದರೆ ಹೆಚ್ಚಾಗಿ ಸಮತೋಲ ತಪ್ಪಿಯೇ ಬೀಳುತ್ತವೆ. ಹಾಗಾಗಿ ಮೇಜಿನ ಮೇಲಿನ ಕಲ್ಲಾಟವೂ ನಿಜವನ್ನೇ ಹೇಳುತ್ತದೆ.

ಹೊಯ್ಸಳ ದೇಗುಲಗಳ ಭುವನೇಶ್ವರಿಯ, ಅಂದರೆ ಅಲಂಕೃತ ಒಳಛಾವಣಿಯ, ಸರಳ ರೂಪ ಇದರಲ್ಲಿ ಸೊಗಸಾಗಿ ಕೂಡುತ್ತದೆ. ಒಳಅಳತೆ 100 ಮಿ.ಮೀ. ಇರುವ ಚೌಕ ಅಂಕಣವನ್ನು ನಾಲ್ಕು ಗೋಡೆಗಳಿಂದ ಕಟ್ಟಿ. 75 ಮಿ.ಮೀ. ಉದ್ದ, 25 ಅಗಲದ ನಾಲ್ಕು ಕಲ್ಲುಗಳನ್ನು ನಾಲ್ಕು ಮೂಲೆಗೆ ಓರೆಯಾಗಿ, ಒಳಮೂಲೆಗಳು ಒಂದಕ್ಕೊಂದು ತಾಗುವಂತೆ ಇಡಿ. ನಡುವೆ 75ರ ತಿರುಗಿದ ಚೌಕ ಉಳಿಯುತ್ತದೆ. ಪ್ರತಿ ಕಲ್ಲಿನ ಒಳಅಂಚು ಗೋಡೆಯ ಮೇಲೆ ತುದಿಗೆ 4 ಮಿ.ಮೀ. ಮಾತ್ರ ಕೂರುತ್ತದೆ, ನೋಡಿದರೆ ಬಿದ್ದೇ ಹೋಯಿತು ಅನ್ನಿಸಬೇಕು. ಹಿಂಬದಿಯಲ್ಲಿ ತುದಿಗೆ 29 ಮಿ.ಮೀ. ಆಸರೆ ಇರುವುದರಿಂದ ಅಲ್ಲಾಡುವುದಿಲ್ಲ. ಮೇಲಿನ ವರಸೆ ಇಡುವಾಗ ಭಾರ ಹಿಂಬದಿಗೇ ಬೀಳಲಿ.

ಕಮಾನಿನ ವಿಷಯಕ್ಕೆ ಬಂದರೆ ನಿರಾಸೆ. ಸಣ್ಣ ಪೆಟ್ಟಿಗೆಗಳ ಕಮಾನು ಒಂದೇ ತುಂಡಿನದು. ಅದು ಕಮಾನಿನ ವೇಷದ ತೊಲೆ, ಪಕ್ಕಕ್ಕೆ ತಳ್ಳುವುದೇ ಇಲ್ಲ. ತಳ್ಳಾಟ ನೋಡಬೇಕೆಂದರೆ ಬೆಣೆಗಲ್ಲುಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ನೀವೇ ಎರೆಯಬೇಕು. ಸರಾಸರಿ ತ್ರಿಜ್ಯ 100 ಮಿ.ಮೀ., ದಪ್ಪ 15, ಆಳ 40 ಇಟ್ಟುಕೊಂಡರೆ ಅರೆವೃತ್ತಕ್ಕೆ 13 ಬೆಣೆ. ಒಂದೊಂದರ ಒಳಬದಿ 22.3, ಹೊರಬದಿ 25.9 ಮಿ.ಮೀ. ದಪ್ಪ ತ್ರಿಜ್ಯದ ಸುಮಾರು 10.75 ಶೇಕಡಕ್ಕಿಂತ ಇಳಿದರೆ ಅರೆವೃತ್ತದ ಕಮಾನು ತನ್ನ ಭಾರಕ್ಕೇ ಬೀಳುತ್ತದೆ, ಆದ್ದರಿಂದ ದಪ್ಪವನ್ನು 11 ಮಿ.ಮೀ.ಗೆ ಇಳಿಸುವ ಆಸೆ ಬೇಡ. ಕಟ್ಟುವಾಗ ಬೆಣೆಗಳನ್ನು ಹೊರುವ ಥರ್ಮಾಕೋಲ್ ಸೆಂಟ್ರಿಂಗ್ ಅಡಿಗೆ ರಟ್ಟಿನ ಚೂರುಗಳಿರಲಿ. ಅವನ್ನೆಳೆದು ಸೆಂಟ್ರಿಂಗನ್ನು ನೇರ ಕೆಳಗಿಳಿಸಿ, ಪಕ್ಕಕ್ಕೆ ಎಳೆದರೆ ಬೆಣೆಗಳೂ ಜೊತೆಗೆ ಬರುತ್ತವೆ. ಆಮೇಲೆ ಒಂದು ಪಾದವನ್ನು ಸ್ವಲ್ಪಸ್ವಲ್ಪವೇ ಹೊರಗೆ ಸರಿಸಿ. ನೆತ್ತಿಯಲ್ಲಿ ಬಿರುಕು ಕೆಳಗಿನಿಂದ ಬಾಯಿ ಬಿಡುತ್ತದೆ, ಎರಡೂ ಬದಿಯಲ್ಲಿ ಮೇಲಿನಿಂದ. ಕಮಾನು ಆಗಲೂ ನಿಂತೇ ಇರುತ್ತದೆ. ಹಳೆಯ ಕಟ್ಟಡದಲ್ಲಿ ಇಂಥದೇ ಬಿರುಕು ಕಂಡ ಕೂಡಲೇ ಸಿಮೆಂಟ್ ತುಂಬಲು ಓಡುವವರು ಇದನ್ನೊಮ್ಮೆ ನೋಡಬೇಕು.

ವಿಜಯಪುರದ ಗೋಳಗುಮ್ಮಟದಂಥದ್ದಕ್ಕೆ ಈ ಪೆಟ್ಟಿಗೆ ಬೇಡ. ಗುಮ್ಮಟಕ್ಕೆ ಎರಡೂ ದಿಕ್ಕಿಗೆ ಬಾಗಿದ ತುಂಡು ಬೇಕು.

ಕಲ್ಲಿನ ಅಂಚು ಸೂಕ್ಷ್ಮ, ಬಿದ್ದರೆ ಚಕ್ಕೆ ಏಳುತ್ತದೆ. ಮೇಜಿನ ಮೇಲೆ ಫೆಲ್ಟ್ ಬಟ್ಟೆ ಹಾಸಬೇಡಿ, ಬುಡ ಕುಸಿದು ಗೋಪುರ ವಾಲುತ್ತದೆ; ಸಮತಟ್ಟಾದ ಹಲಗೆ ಸಾಕು, ನೆಲಕ್ಕೆ ಬೇಕಾದರೆ ಚಾಪೆ ಹಾಕಿ. ಪ್ರತಿ ಕಲ್ಲಿನ ತಳವನ್ನು ಬ್ರಷ್‌ನಿಂದ ಒರೆಸಿ, ಒಂದು ಮರಳಿನ ಕಣ ಸಿಕ್ಕಿದರೂ ಹತ್ತನೇ ವರಸೆಗೆ ವಾಲು ಕಣ್ಣಿಗೆ ಬೀಳುತ್ತದೆ. ತೂಕದ ಸರಕಾದ್ದರಿಂದ ಜರ್ಮನಿಯಿಂದ ತರಿಸುವ ಖರ್ಚನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಕಲ್ಲುಗಳನ್ನು ಪೆಟ್ಟಿಗೆಯೊಳಗೆ ಜೋಡಿಸುವ ನಕ್ಷೆ ಅದರ ಜೊತೆಗೇ ಬರುತ್ತದೆ. ಅದನ್ನು ಕಳೆದುಕೊಂಡರೆ ಅಷ್ಟೂ ಕಲ್ಲನ್ನು ಮತ್ತೆ ಒಳಗೆ ತುಂಬುವುದು ಕಟ್ಟುವುದಕ್ಕಿಂತ ಕಷ್ಟ.