ವಂಶವಾಹಿ ಸಮಾಲೋಚನಾ ಕೇಂದ್ರದ ಸೇವೆ: ನಮ್ಮ ಕುಟುಂಬ ಕಂಡಂತೆ

ನಮ್ಮ ಅಣ್ಣನ ದೊಡ್ಡ ಕರುಳಿನಲ್ಲಿ ನೂರಾರು ಪಾಲಿಪ್‌ಗಳು (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟುಗಳು) ಕಂಡುಬಂದು ಶಸ್ತ್ರಚಿಕಿತ್ಸೆಯಾದ ಮೇಲೆ, ವೈದ್ಯರು ನಮ್ಮನ್ನು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ವಂಶವಾಹಿ (ಜೀನ್) ಸಮಾಲೋಚನಾ ಕೇಂದ್ರಕ್ಕೆ, ಅಂದರೆ ಮನೆತನದಲ್ಲಿ ಹರಿದುಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವಲ್ಲಿಗೆ, ಕಳುಹಿಸಿದರು. ಅಲ್ಲಿ ದೊರೆತ ಸಲಹೆ ಅತ್ಯುತ್ತಮವಾಗಿತ್ತು. ಅದನ್ನು ಬಂಧುಗಳಿಗೆ ತಲುಪಿಸುವ ವ್ಯವಸ್ಥೆ ಮಾತ್ರ ಏನೇನೂ ಸಾಲದು.

ಸಮಾಲೋಚಕಿ ರಕ್ತಪರೀಕ್ಷೆಯ ಮಾತೆತ್ತುವ ಮೊದಲು ಮೂರು ತಲೆಮಾರಿನ ವಂಶವೃಕ್ಷ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕಾಯಿಲೆ ಖಚಿತವಾದವರಿಗೆ ಒಳಗೆಲ್ಲ ಕಪ್ಪು. ಮೂಲವ್ಯಾಧಿಯೆಂದು ಔಷಧ ಮಾಡಿಸುತ್ತಲೇ ನಲವತ್ತರ ಆಸುಪಾಸಿನಲ್ಲಿ ತೀರಿಕೊಂಡ ನಮ್ಮ ತಂದೆಯವರ ಚೌಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಿತ್ತು. ತಂದೆತಾಯಿಯರದು ಸಂಬಂಧದೊಳಗಿನ ಮದುವೆಯೇ ಎಂದೂ ಅವರು ಕೇಳಿದರು. ಎಪಿಸಿ ಎಂಬ ವಂಶವಾಹಿಯ ದೋಷದಿಂದ ಬರುವ ಎಫ್‌ಎಪಿ (ಕರುಳಿನಲ್ಲಿ ನೂರಾರು ಪಾಲಿಪ್ ಬೆಳೆಯುವ ಆನುವಂಶಿಕ ಕಾಯಿಲೆ) ಆದರೆ ತಂದೆತಾಯಿಯರಲ್ಲಿ ಒಬ್ಬರಿಂದ ಬಂದ ದೋಷವೇ ಸಾಕು, ಪ್ರತಿ ಮಗುವಿಗೂ ಶೇಕಡ 50ರಷ್ಟು ಸಾಧ್ಯತೆ. ಎಂಯುಟಿವೈಎಚ್ ಎಂಬ ಇನ್ನೊಂದು ವಂಶವಾಹಿಯ ದೋಷದ ಪಾಲಿಪ್ ಕಾಯಿಲೆಯಾದರೆ ದೋಷ ಇಬ್ಬರಿಂದಲೂ ಬರಬೇಕು; ಇಬ್ಬರೂ ಹತ್ತಿರದ ಸಂಬಂಧಿಗಳಾದರೆ ಆ ಸಾಧ್ಯತೆ ಹೆಚ್ಚು. ನಮ್ಮ ಕಡೆ ಸೋದರಮಾವನ ಮನೆಯಲ್ಲೇ ಹೆಣ್ಣು ತರುವ ರೂಢಿ ಇರುವುದರಿಂದ ಈ ಪ್ರಶ್ನೆ ಕೇಳಿದ್ದು ಬಹಳ ಸರಿಯೆನಿಸಿತು.

ಪರೀಕ್ಷೆಯ ಕ್ರಮದ ವಿಷಯದಲ್ಲಂತೂ ಅವರು ಕಟ್ಟುನಿಟ್ಟು. ಮಕ್ಕಳನ್ನೂ ಒಟ್ಟಿಗೇ ಪರೀಕ್ಷಿಸಿ ಎಂದು ನಾವು ಕೇಳಿದರೂ ಒಪ್ಪದೆ, ಮೊದಲು ಅಣ್ಣನಲ್ಲಿ ದೋಷ ಎಲ್ಲಿದೆಯೆಂದು ಗೊತ್ತಾಗಬೇಕು, ಆಮೇಲೆ ಮಕ್ಕಳಲ್ಲಿ ಆ ಒಂದನ್ನೇ ಹುಡುಕಿದರೆ ಖರ್ಚೂ ಕಡಿಮೆ, ಉತ್ತರವೂ ಖಚಿತ ಎಂದು ತಿಳಿಸಿದರು. ಅಣ್ಣನದು ಎಫ್‌ಎಪಿ ಎಂದು ತಿಳಿಯಿತು; ಇದಕ್ಕೆ ಚಿಕಿತ್ಸೆ ಆಗದಿದ್ದರೆ ಕ್ಯಾನ್ಸರ್ ಬಹುತೇಕ ತಪ್ಪದು. ಆದ್ದರಿಂದ ದೋಷವಿರುವ ಮಕ್ಕಳಿಗೆ 10–12ನೆಯ ವಯಸ್ಸಿನಿಂದಲೇ ಕರುಳಿನ ತಪಾಸಣೆ ಆರಂಭಿಸುತ್ತಾರೆ. ಅಣ್ಣನ ಮಗನಲ್ಲಿ ದೋಷವಿದೆ, ಮಗಳಲ್ಲಿ ಇಲ್ಲ. ಮಗಳಿಗೆ ಮೇಲಿಂದ ಮೇಲೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳನ್ನು ನೋಡುವ ತಪಾಸಣೆ) ಬೇಕಿಲ್ಲವೆಂದು ತಿಳಿದಾಗ ಅತ್ತಿಗೆಯವರು ಅಲ್ಲಿಯೇ ಅತ್ತುಬಿಟ್ಟರು; ಸಮಾಲೋಚಕಿ ಅವಸರಪಡಿಸದೆ ಕಾದು, ಆಮೇಲೆ ಮಗನ ವಿಷಯವನ್ನು ಮತ್ತೊಮ್ಮೆ ಮೊದಲಿನಿಂದ ವಿವರಿಸಿದರು.

ಕೊರತೆ ಇರುವುದು ಇದರ ಮುಂದೆ. ಚಿಕ್ಕಪ್ಪ ಮತ್ತು ಅತ್ತೆಯವರ ಮನೆಗಳಿಗೂ ತಿಳಿಸಿ ಎಂದು ಹೇಳಿ ನಮ್ಮ ಕೈಗೆ ಕೊಟ್ಟದ್ದು ಹಲವು ಪುಟಗಳ ಇಂಗ್ಲಿಷ್ ವರದಿ. ಹಳ್ಳಿಯಲ್ಲಿರುವ ಅತ್ತೆ ಅದನ್ನು ಹೇಗೆ ಓದಬೇಕು? ಯಾರು, ಯಾವ ವಯಸ್ಸಿನಿಂದ, ಯಾವ ತಪಾಸಣೆ ಮಾಡಿಸಿಕೊಳ್ಳಬೇಕೆಂಬುದನ್ನು ಕನ್ನಡದಲ್ಲಿ ಒಂದೇ ಪುಟದಲ್ಲಿ ಬರೆದುಕೊಟ್ಟಿದ್ದರೆ ಸಾಕಿತ್ತು, ಕೇಳಿದರೂ ಸಿಗಲಿಲ್ಲ.

ಇಷ್ಟಾದರೂ, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಕರುಳಿನ ಕ್ಯಾನ್ಸರ್ ಬಂದವರಿದ್ದರೆ ಇಂಥ ಕೇಂದ್ರಕ್ಕೆ ಖಂಡಿತ ಹೋಗಿ. ಹೋಗುವಾಗ ಬಯಾಪ್ಸಿ ಮತ್ತು ಕೊಲೊನೋಸ್ಕೋಪಿ ವರದಿಗಳ ಜೊತೆಗೆ, ತೀರಿಕೊಂಡವರ ಕಾಯಿಲೆ ಮತ್ತು ವಯಸ್ಸನ್ನು ನೆನಪಿಟ್ಟಿರುವ ಹಿರಿಯರೊಬ್ಬರನ್ನೂ ಕರೆದುಕೊಂಡು ಹೋಗಿ.