ಹೊಸ ಲ್ಯಾಪ್‌ಟಾಪ್‌ನಲ್ಲಿ ಅಕ್ಷರಗಳಿಗೆ ನೆರಳು: 14 ತಿಂಗಳು ಬಳಸಿದ ಮೇಲೆ

15.6 ಇಂಚು, ಐಪಿಎಸ್ ಸ್ಕ್ರೀನ್ (ಎಲ್‌ಸಿಡಿಯಲ್ಲೇ ಒಂದು ಬಗೆ), 60 ಹರ್ಟ್ಜ್ (ಅಂದರೆ ಸೆಕೆಂಡಿಗೆ 60 ಸಲ ಹೊಸ ಚಿತ್ರ), 16 ಜಿಬಿ ರ‍್ಯಾಮ್, ಬೆಲೆ ಐವತ್ತು ಸಾವಿರದ ಆಸುಪಾಸು. ತಗೊಂಡು 14 ತಿಂಗಳಾಯಿತು. ನನ್ನ ಕೆಲಸ ಕನ್ನಡ ಪುಸ್ತಕಗಳ ಕರಡು ತಿದ್ದುವುದು. ದಿನಕ್ಕೆ ಏಳೆಂಟು ಗಂಟೆ ಪಿಡಿಎಫ್ ಪುಟಗಳನ್ನು ಮೇಲಕ್ಕೆ ಕೆಳಕ್ಕೆ ಸರಿಸುತ್ತಲೇ ಇರಬೇಕು. ಕೀಬೋರ್ಡ್ ಚೆನ್ನಾಗಿದೆ, ಫ್ಯಾನ್ ಸದ್ದು ಕಡಿಮೆ, ಬಿಸಿ ಆಗುವುದಿಲ್ಲ. ತಲೆನೋವೆಲ್ಲ ಸ್ಕ್ರೀನಿನದ್ದು.

ಮೊದಲ ವಾರ ನನ್ನ ಕಣ್ಣಿಗೇ ಏನೋ ಆಗಿದೆ ಅಂದುಕೊಂಡಿದ್ದೆ. ಪುಟ ಸರಿಸುವಾಗ 'ಲಕ್ಷ್ಮಿ' ಅನ್ನೋ ಪದದ ಒತ್ತುಗಳ ಹಿಂದೆ ಬೂದು ಬಣ್ಣದ ಬಾಲ ಎಳೆದ ಹಾಗೆ ಕಾಣುತ್ತಿತ್ತು, ಅದು ಪಕ್ಕದ ಸಾಲಿನ ತಲೆಕಟ್ಟಿನ ಜೊತೆ ಸೇರಿಕೊಂಡು ಅಲ್ಲಿ ಇರುವುದು 'ತ'ನಾ 'ತ್ತ'ನಾ ಅಂತ ಗೊತ್ತಾಗದೆ ಪ್ರತಿಸಲ ನಿಲ್ಲಿಸಿ ನೋಡಬೇಕಾಗುತ್ತಿತ್ತು. ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದೆ. ಪವರ್ ಬದಲಾಗಿಲ್ಲ ಅಂದರು. ಅಷ್ಟೊತ್ತಿಗೆ ವಾಪಸ್ ಕೊಡುವ 7 ದಿನದ ಗಡುವು ಮುಗಿದಿತ್ತು. ಇದೊಂದು ನನಗೆ ಈಗಲೂ ಬೇಜಾರು.

ಆಮೇಲೆ ಗೊತ್ತಾಗಿದ್ದು, ನನ್ನ ಸ್ಕ್ರೀನಿನಲ್ಲಿ ಇದ್ದದ್ದು ಒಂದಲ್ಲ, ಎರಡು ಬೇರೆ ಬೇರೆ ತೊಂದರೆ. ಒಂದು, ಮೆನು ಮುಚ್ಚಿದ ಮೇಲೂ ಅದರ ಮಸುಕು ಒಂದೆರಡು ಸೆಕೆಂಡ್ ಅಲ್ಲೇ ಉಳಿಯುತ್ತಿತ್ತು. ಇದು ಚಾರ್ಜರ್ ತೆಗೆದಾಗ ಮಾತ್ರ ಆಗುತ್ತಿತ್ತು. ಈ ಸುಳಿವು ಹಿಡಿದು ಹುಡುಕಿದಾಗ ಸಿಕ್ಕಿದ್ದು ಪ್ಯಾನೆಲ್ ಸೆಲ್ಫ್ ರಿಫ್ರೆಶ್. ತೆರೆಯ ಮೇಲೆ ಏನೂ ಬದಲಾಗದಿದ್ದಾಗ ಪ್ಯಾನೆಲ್, ಅಂದರೆ ಚಿತ್ರ ತೋರಿಸುವ ಗಾಜಿನ ಭಾಗ, ತನ್ನ ಮೆಮೊರಿಯಲ್ಲಿರುವ ಚಿತ್ರವನ್ನೇ ತೋರಿಸುತ್ತಾ ಗ್ರಾಫಿಕ್ಸ್ ಚಿಪ್‌ಗೆ ಬಿಡುವು ಕೊಡುತ್ತದೆ, ಬ್ಯಾಟರಿ ಉಳಿಯುತ್ತದೆ. ಇಂಟೆಲ್ ಗ್ರಾಫಿಕ್ಸ್ ಕಮಾಂಡ್ ಸೆಂಟರ್‌ನಲ್ಲಿ ಸಿಸ್ಟಂ, ಅದರೊಳಗೆ ಪವರ್, ಅಲ್ಲಿ 'ಆನ್ ಬ್ಯಾಟರಿ' ಕೆಳಗೆ ಇದು ಸಿಗುತ್ತದೆ. ಆಫ್ ಮಾಡಿದೆ, ಆ ಮಸುಕು ಅವತ್ತೇ ಹೋಯಿತು. ಬ್ಯಾಟರಿ ಕಾಲು ಗಂಟೆ ಕಡಿಮೆ ಬರುತ್ತಿದೆ, ಪರವಾಗಿಲ್ಲ.

ಇನ್ನೊಂದು, ಸ್ಕ್ರಾಲ್ ಮಾಡುವಾಗಿನ ಬಾಲ. ಅದು ಹೋಗಲಿಲ್ಲ. ಡ್ರೈವರ್ ಹೊಸದು ಹಾಕಿದೆ, ಹಳೆಯದಕ್ಕೆ ವಾಪಸ್ ಹೋದೆ, ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಿದೆ, ಎಲ್ಲ ಕಡೆ ಅದೇ ಬಾಲ. ಆಗ ಫೋನ್‌ನಲ್ಲಿ ಸ್ಲೋಮೋಷನ್ ವಿಡಿಯೊ ತೆಗೆದೆ, ಸೆಕೆಂಡಿಗೆ 240 ಫ್ರೇಮ್. ಒಂದೊಂದೇ ಫ್ರೇಮ್ ಸರಿಸಿ ಎಣಿಸಿದರೆ ಅಕ್ಷರ ಮುಂದೆ ಹೋದ ಮೇಲೂ ಅದರ ಹಳೆಯ ಗುರುತು ಪೂರ್ತಿ ಅಳಿಯಲು 8 ಫ್ರೇಮ್ ಬೇಕಾಯಿತು. ಅಂದರೆ ಸುಮಾರು 33 ಮಿಲಿಸೆಕೆಂಡ್. 60 ಹರ್ಟ್ಜ್ ಸ್ಕ್ರೀನಿಗೆ 16.7 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ಬರುತ್ತದೆ. ಹಳೆಯದು ಅಳಿಯುವಷ್ಟರಲ್ಲಿ ಎರಡು ಹೊಸವು ಬಂದು ಕೂತಿರುತ್ತವೆ! ಸ್ಕ್ರೀನ್‌ಶಾಟ್ ತೆಗೆದರೆ ಇದು ಕಾಣುವುದೇ ಇಲ್ಲ, ಏಕೆಂದರೆ ತಪ್ಪು ಚಿತ್ರದಲ್ಲಿಲ್ಲ, ಗಾಜಿನೊಳಗಿನ ದ್ರವ ಹರಳುಗಳು ನಿಧಾನವಾಗಿ ತಿರುಗುವುದರಲ್ಲಿದೆ.

ಸರ್ವೀಸ್‌ನವರಿಗೆ ಈ ವಿಡಿಯೊ ಕಳಿಸಿದ ಮೇಲೆಯೇ ಕೆಲಸ ಮುಂದೆ ಹೋಯಿತು. ಮನೆಗೆ ಬಂದ ಹುಡುಗ ತುಂಬ ತಾಳ್ಮೆಯಿಂದ ವಾರಂಟಿಯಲ್ಲೇ ಪ್ಯಾನೆಲ್ ಬದಲಿಸಿಕೊಟ್ಟ. ಆದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಮಾನಿಟರ್ ಹೆಸರಿನ ಡೀಟೇಲ್ಸ್‌ಗೆ ಹೋಗಿ ಹಾರ್ಡ್‌ವೇರ್ ಐಡಿ (ಪ್ಯಾನೆಲ್ ಯಾವುದು ಅಂತ ತಿಳಿಸುವ ಕೋಡ್) ನೋಡಿದರೆ ಮೊದಲು ಬರೆದಿಟ್ಟುಕೊಂಡಿದ್ದ ಕೋಡ್ ಮತ್ತು ಹೊಸದರ ಕೋಡ್ ಎರಡೂ ಒಂದೇ. ಬಾಲವೂ ಅಷ್ಟೇ ಉದ್ದ. 'ಈ ಮಾಡೆಲ್‌ಗೆ ಇದೇ ಬರೋದು ಸರ್' ಅಂದ. ಅವನ ತಪ್ಪೇನಿಲ್ಲ. ಆದರೆ ಡಬ್ಬಿಯ ಮೇಲೆ ಬ್ರೈಟ್‌ನೆಸ್ ಎಷ್ಟು, ಹರ್ಟ್ಜ್ ಎಷ್ಟು ಅಂತ ದಪ್ಪಕ್ಷರದಲ್ಲಿ ಹಾಕಿದವರು ರೆಸ್ಪಾನ್ಸ್ ಟೈಮ್, ಅಂದರೆ ಬಣ್ಣ ಬದಲಿಸಲು ಪ್ಯಾನೆಲ್‌ಗೆ ಬೇಕಾಗುವ ಸಮಯ, ಅದರ ಬಗ್ಗೆ ಒಂದಕ್ಷರ ಹಾಕದಿರುವುದು ಸರಿಯಲ್ಲ.

ಡಿಸೆಂಬರ್‌ನಲ್ಲಿ ಮಡಿಕೇರಿಗೆ ಅಕ್ಕನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಆರಕ್ಕೆ ಲ್ಯಾಪ್‌ಟಾಪ್ ತೆರೆದರೆ ಸಾಲುಗಳು ಒಂದರ ಮೇಲೊಂದು ಕಲಸಿಹೋಗಿದ್ದವು, ಸ್ಕ್ರೀನ್ ಬೆಚ್ಚಗಾಗಲು ಇಪ್ಪತ್ತು ನಿಮಿಷ ಬೇಕಾಯಿತು. ಚಳಿಗೆ ಆ ಹರಳುಗಳು ಇನ್ನೂ ನಿಧಾನ. ನಿಮ್ಮೂರು ತಂಪಾಗಿದ್ದರೆ ಬೆಳಗ್ಗೆಯೇ ಪರೀಕ್ಷೆ ಮಾಡಿ.

ಈಗ ಹೇಗೆ ಸುಧಾರಿಸಿಕೊಂಡು ಹೋಗುತ್ತಿದ್ದೇನೆ ಅಂದರೆ, ಡಾರ್ಕ್ ಮೋಡ್ ಬಳಸುವುದನ್ನು ಬಿಟ್ಟಿದ್ದೇನೆ. ಅದರಲ್ಲಿ ಕಡುಬೂದು ಹಿನ್ನೆಲೆಯ ಮೇಲೆ ತಿಳಿಬೂದು ಅಕ್ಷರ, ಒಂದು ಬೂದು ಬಣ್ಣದಿಂದ ಇನ್ನೊಂದು ಬೂದಿಗೆ ಹೋಗುವಾಗಲೇ ಈ ಪ್ಯಾನೆಲ್ ತೀರಾ ತಡ ಮಾಡುತ್ತದೆ. ಪುಟ ಎಳೆಯುವ ಬದಲು ಪೇಜ್ ಡೌನ್ ಕೀ ಒತ್ತುತ್ತೇನೆ. ಮನೆಯಲ್ಲಿ 24 ಇಂಚಿನ 100 ಹರ್ಟ್ಜ್ ಮಾನಿಟರ್ ಜೋಡಿಸಿಕೊಂಡೆ, ಕಣ್ಣಿನ ಉರಿ ನಿಜಕ್ಕೂ ಕಡಿಮೆ ಆಯಿತು. ಅದರಲ್ಲಿ ಓವರ್‌ಡ್ರೈವ್ ಅಂತ ಹರಳುಗಳನ್ನು ಬೇಗ ತಿರುಗಿಸುವ ಒಂದು ಸೆಟ್ಟಿಂಗ್ ಇದೆ, ಮಧ್ಯದಲ್ಲೇ ಇಡಿ. ಪೂರ್ತಿ ಏರಿಸಿದರೆ ಕಪ್ಪು ಬಾಲ ಹೋಗಿ ಬಿಳಿ ಅಂಚು ಬರುತ್ತದೆ, ಅದು ಇನ್ನೂ ಕಿರಿಕಿರಿ.

144 ಹರ್ಟ್ಜ್ ತಗೊಂಡರೆ ಎಲ್ಲ ಸರಿ ಹೋಗುತ್ತದೆ ಅಂತ ಬಹಳ ಜನ ಹೇಳುತ್ತಾರೆ, ಸುಮ್ನೆ ನಂಬಬೇಡಿ. ಅಲ್ಲಿ 7 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ಬರುತ್ತದೆ, ಹಳೆಯದನ್ನು ಅಳಿಸಲು ಪ್ಯಾನೆಲ್‌ಗೆ 30 ಮಿಲಿಸೆಕೆಂಡ್ ಬೇಕಾದರೆ ಬಾಲ ಇದ್ದೇ ಇರುತ್ತದೆ ಅಲ್ವಾ?

ಲ್ಯಾಪ್‌ಟಾಪ್‌ಗೆ 5ಕ್ಕೆ 3. ಓದುವ, ಬರೆಯುವ ಕೆಲಸದವರಿಗೆ ಇದು ಬೇಡ. ಹೋದ ತಿಂಗಳು ಅಕ್ಕನ ಮಗನಿಗೆ ಲ್ಯಾಪ್‌ಟಾಪ್ ಕೊಡಿಸಲು ಮೈಸೂರಿನ ಅಂಗಡಿಗೆ ಹೋಗಿದ್ದೆವು. ಒಂದೊಂದರಲ್ಲೂ ಕನ್ನಡದ ಉದ್ದ ಪುಟ ತೆರೆದು ಜೋರಾಗಿ ಸರಿಸಿ ಒತ್ತಕ್ಷರ ಓದಲು ನೋಡಿದೆ. ಮೊದಲ ಎರಡನ್ನು ವಾಪಸ್ ಕೊಟ್ಟು, ಓಡುವಾಗಲೂ 'ಲಕ್ಷ್ಮಿ' ಲಕ್ಷ್ಮಿಯಾಗಿಯೇ ಕಂಡ ಮೂರನೆಯದನ್ನು ತಗೊಂಡೆವು.